ಕೀವರ್ಡ್ ಎಷ್ಟು ಸಲ ಹಾಕಬೇಕು ಅಂತ ಕೇಳುವವರಿಗೆ

ಮತ್ತೆ ಅದೇ ಪ್ರಶ್ನೆ ಬಂದಿದೆ. "ವೆಬ್‌ಸೈಟ್ ಮಾಡಿ ಕೆಲವು ತಿಂಗಳಾಯ್ತು, ಗೂಗಲ್‌ನಲ್ಲಿ ಎಷ್ಟು ಹುಡುಕಿದ್ರೂ ಕಾಣಿಸ್ತಿಲ್ಲ. ಯಾವ ಕೀವರ್ಡ್ ಹಾಕಬೇಕು, ಒಂದು ಪುಟದಲ್ಲಿ ಎಷ್ಟು ಸಲ ಹಾಕಬೇಕು, ದಯವಿಟ್ಟು ತಿಳಿಸಿ." ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂಚೂರೂ ಬದಲಾಗಿಲ್ಲ. ಇದಕ್ಕೆ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ, ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಕೀವರ್ಡ್ ಅಂದರೆ ಜನ ಗೂಗಲ್‌ನಲ್ಲಿ ಟೈಪ್ ಮಾಡಿ ಹುಡುಕುವ ಪದ. ಅದನ್ನು ಎಷ್ಟು ಸಲ ಹಾಕಬೇಕು ಅನ್ನುವುದಕ್ಕೆ ಲೆಕ್ಕವೇ ಇಲ್ಲ. ನೂರು ಪದಕ್ಕೆ ಎರಡು ಸಲ, ಮೂರು ಸಲ ಅಂತ ಯಾರಾದರೂ ಹೇಳಿದ್ದರೆ ಅದನ್ನು ಈಗಲೇ ಮರೆತುಬಿಡಿ. ಸೈಟ್ ಕಾಣಿಸದೇ ಇರುವುದಕ್ಕೆ ಕಾರಣ ಬಹಳ ಸಲ ಬೇರೆಲ್ಲೋ ಇರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಕೀವರ್ಡ್ ಭೂತವನ್ನು ಬಿಡಿಸಬೇಕು. ಇದು ತಲೆಯಲ್ಲಿ ಕೂತಿರುವವರೆಗೆ ಮುಂದಿನದು ಯಾವುದೂ ಒಳಗೆ ಇಳಿಯಲ್ಲ.

ಈ ನಂಬಿಕೆ ಹುಟ್ಟಿದ್ದು ಸುಮ್ನೆ ಅಲ್ಲ. 1990ರ ದಶಕದಲ್ಲಿ, ಆಲ್ಟಾವಿಸ್ಟಾ, ಇನ್ಫೋಸೀಕ್ ಅನ್ನುವ ಸರ್ಚ್ ಎಂಜಿನ್‌ಗಳು ಇದ್ದ ಕಾಲದಲ್ಲಿ, ಪುಟದ ಎಚ್‌ಟಿಎಮ್‌ಎಲ್ ಒಳಗೆ, ಅಂದರೆ ಪುಟವನ್ನು ಕಟ್ಟುವ ಕೋಡ್‌ನಲ್ಲಿ, ಮೆಟಾ ಕೀವರ್ಡ್ಸ್ ಅಂತ ಒಂದು ಸಾಲು ಬರೆಯುತ್ತಿದ್ದರು. ಓದುವವರ ಕಣ್ಣಿಗೆ ಅದು ಬೀಳಲ್ಲ, ಸರ್ಚ್ ಎಂಜಿನ್‌ಗೆ ಮಾತ್ರ ಸಿಗುತ್ತದೆ. ನನ್ನ ಪುಟ ಇಂಥ ವಿಷಯದ್ದು ಅಂತ ಬರೆದವರೇ ಹೇಳಿಕೊಳ್ಳುವ ಜಾಗ ಅದು. ಆಗಿನ ಎಂಜಿನ್‌ಗಳು ಅದನ್ನು ನಂಬಿದವು, ನಂಬಿದ ತಕ್ಷಣ ಜನ ಅದರಲ್ಲಿ ಸಿಕ್ಕಿದ್ದೆಲ್ಲ ತುಂಬಿದರು. ಪುಟಕ್ಕೂ ಪದಕ್ಕೂ ಸಂಬಂಧವೇ ಇಲ್ಲ, ಆದರೂ ಜನ ಜಾಸ್ತಿ ಹುಡುಕುವ ಪದಗಳೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತಿದ್ದವು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರಾರು ಸಲ ಬರೆದವರೂ ಇದ್ದರು. ಹುಡುಕಿದವರಿಗೆ ಸಿಗುತ್ತಿದ್ದದ್ದು ಕಸ.

1998ರಲ್ಲಿ ಗೂಗಲ್ ಶುರುವಾದಾಗ ಗೆದ್ದಿದ್ದಕ್ಕೆ ಇದೂ ಒಂದು ಕಾರಣ. ಪುಟ ತನ್ನ ಬಗ್ಗೆ ತಾನೇ ಏನು ಹೇಳಿಕೊಳ್ಳುತ್ತದೆ ಅನ್ನುವುದರ ಜೊತೆಗೆ, ಬೇರೆ ಪುಟಗಳು ಅದಕ್ಕೆ ಎಷ್ಟು ಲಿಂಕ್ ಕೊಟ್ಟಿವೆ, ಲಿಂಕ್ ಕೊಟ್ಟವರ ತೂಕ ಎಷ್ಟು ಅಂತಲೂ ಅದು ನೋಡಿತು. ಅದೇ ಪೇಜ್‌ರ‍್ಯಾಂಕ್. ಕೊನೆಗೆ 2009ರ ಸೆಪ್ಟೆಂಬರ್‌ನಲ್ಲಿ, ಶ್ರೇಯಾಂಕ ಕೊಡುವಾಗ ಮೆಟಾ ಕೀವರ್ಡ್ಸ್ ಸಾಲನ್ನು ತಾವು ಬಳಸುವುದಿಲ್ಲ ಅಂತ ಗೂಗಲ್‌ನವರೇ ಅಧಿಕೃತವಾಗಿ ಬರೆದರು. 2009! ಅಷ್ಟು ಹಳೆಯ ಮಾತನ್ನು ಇವತ್ತೂ ಹೇಳಬೇಕಾಗಿದೆ. ಆ ಸಾಲನ್ನು ತುಂಬಿಸಿಕೊಡುತ್ತೇವೆ ಅಂತ ಈಗಲೂ ದುಡ್ಡು ಕೇಳುವವರು ಇದ್ದಾರೆ, ಕೊಡುವವರೂ ಇದ್ದಾರೆ. ಅದರಿಂದ ಏನಾದರೂ ಉಪಯೋಗ ಆದರೆ ಅದು ನಿಮ್ಮ ಪ್ರತಿಸ್ಪರ್ಧಿಗೆ. ಬ್ರೌಸರ್‌ನಲ್ಲಿ ವ್ಯೂ ಸೋರ್ಸ್ ಒತ್ತಿದರೆ ಸಾಕು, ನೀವು ಯಾವ ಪದಗಳ ಹಿಂದೆ ಬಿದ್ದಿದ್ದೀರಿ ಅಂತ ಪಟ್ಟಿಯೇ ಸಿಗುತ್ತದೆ.

"ಸರಿ, ಆ ಸಾಲು ಬೇಡ, ಲೇಖನದ ಒಳಗೆ ಎಷ್ಟು ಸಲ ಬರಬೇಕು?" ಇದು ಅದೇ ಭೂತದ ಇನ್ನೊಂದು ವೇಷ. ಪಠ್ಯದಲ್ಲಿ ಪದ ಹುಡುಕುವ ಸೂತ್ರಗಳು ಹೊಸದಲ್ಲ. ಎಲ್ಲ ಕಡೆ ಬರುವ ಪದಕ್ಕೆ ಕಡಿಮೆ ತೂಕ, ಅಪರೂಪಕ್ಕೆ ಬರುವ ಪದಕ್ಕೆ ಜಾಸ್ತಿ ತೂಕ ಕೊಡಬೇಕು ಅಂತ ಕರೆನ್ ಸ್ಪಾರ್ಕ್ ಜೋನ್ಸ್ ಅನ್ನುವ ಬ್ರಿಟಿಷ್ ವಿಜ್ಞಾನಿ 1972ರಲ್ಲೇ ತೋರಿಸಿಕೊಟ್ಟರು. ಆಮೇಲೆ ಬಂದು ಇವತ್ತಿಗೂ ಬಳಕೆಯಲ್ಲಿರುವ ಬಿಎಮ್25 ಸೂತ್ರದಲ್ಲಿ, ಒಂದು ಪದ ಮೊದಲ ಸಲ ಬಂದಾಗ ಸಿಗುವಷ್ಟು ಅಂಕ ಎರಡನೇ ಸಲಕ್ಕೆ ಸಿಗಲ್ಲ, ಮೂರನೇ ಸಲಕ್ಕೆ ಇನ್ನೂ ಕಡಿಮೆ, ಹತ್ತು ಇಪ್ಪತ್ತು ಸಲ ದಾಟಿದ ಮೇಲೆ ಮತ್ತೆ ಬರೆದರೂ ಬರೆಯದಿದ್ದರೂ ಹೆಚ್ಚು ಕಡಿಮೆ ಒಂದೇ. ಇವೆಲ್ಲ ಹಳೆಯ, ಸರಳವಾದ, ಎಲ್ಲರಿಗೂ ಗೊತ್ತಿರುವ ಸೂತ್ರಗಳು. ಇವುಗಳಲ್ಲೇ ಪದ ತುರುಕಿದರೆ ಲಾಭ ಇಲ್ಲ ಅಂದ ಮೇಲೆ, ವಾಕ್ಯದ ಅರ್ಥ ಹಿಡಿಯಲು 2019ರಿಂದ ಬರ್ಟ್‌ನಂಥ ಭಾಷಾ ಮಾದರಿಗಳನ್ನು ಬಳಸುತ್ತಿರುವ ಗೂಗಲ್ ಹತ್ತಿರ ನಡೆಯುತ್ತಾ? ನಡೆಯದಿರುವುದು ಹಾಗಿರಲಿ, ತೊಂದರೆಯೂ ಆಗುತ್ತದೆ. ಪದ ತುರುಕುವುದನ್ನು ಗೂಗಲ್‌ನ ಸ್ಪ್ಯಾಮ್ ನಿಯಮಗಳು ಹೆಸರು ಹಿಡಿದೇ ನಿಷೇಧಿಸಿವೆ.

ಒಂದು ಉದಾಹರಣೆ ನೋಡಿ. ಸೈಕಲ್ ಚೈನ್ ಬಗ್ಗೆ ಒಂದು ಪುಟ ಬರೆಯಬೇಕು ಅಂತಿಟ್ಟುಕೊಳ್ಳಿ. ಲೆಕ್ಕ ಇಟ್ಟು ಬರೆಯುವವರ ಪುಟ ಹೀಗಿರುತ್ತದೆ: "ಉತ್ತಮ ಸೈಕಲ್ ಚೈನ್ ಹುಡುಕುತ್ತಿದ್ದೀರಾ? ಸೈಕಲ್ ಚೈನ್ ಆಯ್ಕೆ ಮಾಡುವಾಗ ಸೈಕಲ್ ಚೈನ್ ಗುಣಮಟ್ಟ ಮುಖ್ಯ." ಮೂರು ಸಲ ಚೈನ್ ಬಂತು, ವಿಷಯ ಒಂದೂ ಬರಲಿಲ್ಲ. ಇನ್ನೊಬ್ಬರು ಹೀಗೆ ಬರೆಯುತ್ತಾರೆ: "ಹೊಸ ಚೈನ್‌ನ 24 ಕೊಂಡಿಗಳನ್ನು ಪಿನ್‌ನಿಂದ ಪಿನ್‌ಗೆ ಅಳೆದರೆ ಸರಿಯಾಗಿ 12 ಇಂಚು ಇರುತ್ತದೆ. ಹಳೆಯದು ಅದಕ್ಕಿಂತ ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಬದಲಾಯಿಸಿ, ಇಲ್ಲದಿದ್ದರೆ ಹಿಂದಿನ ಹಲ್ಲುಚಕ್ರವೂ ಸವೆಯುತ್ತದೆ." ಇಲ್ಲಿ ಯಾರೂ ಪದ ಎಣಿಸಿಲ್ಲ. ಆದರೂ ಕೊಂಡಿ, ಪಿನ್, ಅಳತೆ, ಸವೆತ ಎಲ್ಲ ತಾವಾಗಿಯೇ ಬಂದವು, ಯಾಕೆಂದರೆ ಬರೆದವರಿಗೆ ಕೆಲಸ ಗೊತ್ತು. ಚೈನ್ ಯಾವಾಗ ಬದಲಾಯಿಸಬೇಕು ಅಂತ ಹುಡುಕಿದವರು ಇವೆರಡರಲ್ಲಿ ಯಾವುದನ್ನು ಪೂರ್ತಿ ಓದುತ್ತಾರೆ ಹೇಳಿ.

ಹಾಗಂತ ಪದಗಳಿಗೆ ಬೆಲೆಯೇ ಇಲ್ಲ ಅಂತಲ್ಲ. ಹುಡುಕುವವರ ಬಾಯಲ್ಲಿರುವ ಮಾತು ನಿಮ್ಮ ಪುಟದಲ್ಲಿ ಇರಬೇಕು, ಅಷ್ಟೇ. ಕಂಪನಿಯವರು "ದ್ವಿಚಕ್ರ ಚಾಲನಾ ಸರಪಳಿ" ಅಂತ ಬರೆದುಕೊಂಡಿದ್ದರೆ, "ಸೈಕಲ್ ಚೈನ್ ಜಾರ್ತಿದೆ" ಅಂತ ಟೈಪ್ ಮಾಡುವವರಿಗೆ ಆ ಪುಟ ಸಿಗುವುದು ಕಷ್ಟ. ಆ ಮಾತನ್ನು ಪುಟದ ಟೈಟಲ್‌ನಲ್ಲಿ, ಅಂದರೆ ಗೂಗಲ್ ಫಲಿತಾಂಶದಲ್ಲಿ ಕಾಣುವ ಸಾಲಿನಲ್ಲಿ, ಒಮ್ಮೆ, ಪುಟದೊಳಗಿನ ತಲೆಬರಹದಲ್ಲಿ ಒಮ್ಮೆ ತನ್ನಿ, ಆಮೇಲೆ ಸಹಜವಾಗಿ ಬಂದಷ್ಟು ಬರಲಿ. ಎಷ್ಟೋ ಸೈಟ್‌ಗಳಲ್ಲಿ ಟೈಟಲ್ ಇವತ್ತಿಗೂ "ಹೋಮ್" ಅಂತಲೇ ಇರುತ್ತದೆ. ಕೀವರ್ಡ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಅದನ್ನು ಹಾಗೇ ಬಿಟ್ಟಿರುವುದನ್ನು ನೋಡಿದರೆ ನಿಜವಾಗಿಯೂ ಬೇಸರ ಆಗುತ್ತದೆ. ಹುಡುಕಿದವರಿಗೆ ಮೊದಲು ಕಾಣುವುದೇ ಆ ಸಾಲು!

ಈಗ ನಿಜವಾದ ಪ್ರಶ್ನೆ: ಸೈಟ್ ಯಾಕೆ ಕಾಣಿಸ್ತಿಲ್ಲ? ಶ್ರೇಯಾಂಕದ ಮಾತು ಆಮೇಲೆ, ಗೂಗಲ್‌ನ ಸೂಚಿಯಲ್ಲಿ, ಅಂದರೆ ಇಂಡೆಕ್ಸ್‌ನಲ್ಲಿ, ನಿಮ್ಮ ಪುಟ ಇದೆಯಾ ಅಂತ ಮೊದಲು ನೋಡಿ. ಸೈಟ್ ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಅನ್ನುವ ಸಾಧನ ಉಚಿತ, ಸೈಟ್ ನಿಮ್ಮದೇ ಅಂತ ಅಲ್ಲಿ ಸಾಬೀತು ಮಾಡಿ, ಮೇಲ್ಗಡೆ ಇರುವ ಹುಡುಕುವ ಪೆಟ್ಟಿಗೆಯಲ್ಲಿ ಪುಟದ ವಿಳಾಸ ಹಾಕಿ. ಪುಟ ಗೂಗಲ್‌ನಲ್ಲಿದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕಿಲ್ಲ ಅಂತ ಅದೇ ಹೇಳುತ್ತದೆ. ಗೂಗಲ್ ಬಂದು ನೋಡಿಯೂ ಸೂಚಿಗೆ ಸೇರಿಸಿಕೊಂಡಿಲ್ಲ ಅಂತ ಬಂದರೆ ಪುಟದಲ್ಲಿ ಹುರುಳಿದೆಯಾ ಅಂತ ಮತ್ತೊಮ್ಮೆ ಓದಿ. ಕಣ್ಣಿಗೆ ಬಿದ್ದಿದೆ, ಇನ್ನೂ ಬಂದು ನೋಡಿಲ್ಲ ಅಂತ ಬಂದರೆ ಸೈಟ್‌ನ ಬೇರೆ ಪುಟಗಳಿಂದ ಅದಕ್ಕೆ ಲಿಂಕ್ ಕೊಡಿ. ಯಾವ ಪುಟದಿಂದಲೂ ಲಿಂಕ್ ಇಲ್ಲದೆ ಒಂಟಿಯಾಗಿ ಬಿದ್ದಿರುವ ಪುಟಗಳು ಎಷ್ಟೋ ಇರುತ್ತವೆ. ಸೈಟ್‌ಮ್ಯಾಪ್, ಅಂದರೆ ಸೈಟ್‌ನ ಪುಟಗಳ ವಿಳಾಸದ ಪಟ್ಟಿ, ಕೊಡಿ, ಮೊಬೈಲ್‌ನಲ್ಲಿ ಬೇಗ ತೆರೆಯುತ್ತಾ ನೋಡಿ. ಮುಖ್ಯ ಚಿತ್ರವೋ ಪಠ್ಯವೋ 2.5 ಸೆಕೆಂಡಿನೊಳಗೆ ಕಾಣಿಸಿದರೆ ಒಳ್ಳೆಯದು ಅನ್ನುತ್ತದೆ ಗೂಗಲ್. ಆಮೇಲೆ ಕಾಯಿರಿ. ಕೆಲವು ಬದಲಾವಣೆಗಳ ಫಲ ಕಾಣಲು ತಿಂಗಳುಗಳೇ ಬೇಕು. ಒಂದು ವಾರದಲ್ಲಿ ಮೊದಲ ಸ್ಥಾನ ಗ್ಯಾರಂಟಿ ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ, ಅಂಥ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ಲೇ ಬರೆದಿದೆ.

ಸೈಟ್ ಕಟ್ಟಲು ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶ ಬಳಸುವವರು ಇನ್ನೊಂದು ನೋಡಲೇಬೇಕು. ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಅಂತ ಇದೆ. ಅಲ್ಲಿ ಸರ್ಚ್ ಎಂಜಿನ್‌ಗಳು ಬರುವುದು ಬೇಡ ಅನ್ನುವ ಒಂದು ಟಿಕ್ ಇರುತ್ತದೆ. ಸೈಟ್ ತಯಾರಾಗುವಾಗ ಟಿಕ್ ಹಾಕಿ, ತಯಾರಾದ ಮೇಲೆ ತೆಗೆಯಲು ಮರೆಯುವುದು ಬಹಳ ಸಾಮಾನ್ಯ. ತಿಂಗಳುಗಟ್ಟಲೆ ಕೀವರ್ಡ್ ಬದಲಾಯಿಸುತ್ತಾ ಕೂತರೂ ಆ ಒಂದು ಟಿಕ್ ಇರುವವರೆಗೆ ಏನೂ ಆಗಲ್ಲ.

ಟಿಕ್ ವಿಷಯ ಬಂತಲ್ಲ, ಇದರ ಉಲ್ಟಾ ಪ್ರಶ್ನೆಯನ್ನು ಯಾರೂ ಕೇಳಲ್ಲ, ಆದರೂ ಹೇಳಿಬಿಡುತ್ತೇನೆ. ಒಂದು ಪುಟ ಗೂಗಲ್‌ನಲ್ಲಿ ಕಾಣಿಸಬಾರದು ಅಂದರೆ ಏನು ಮಾಡಬೇಕು? ಸರ್ಚ್ ಎಂಜಿನ್‌ಗಳಿಗೆ ಸೂಚನೆ ಕೊಡಲು ಸೈಟ್‌ನಲ್ಲಿ ಇಡುವ ರೋಬಾಟ್ಸ್ (robots.txt) ಕಡತದಲ್ಲಿ ತಡೆದರೆ ಆಯ್ತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆ ಕಡತ ಹೇಳುವುದು ಬಂದು ಓದಬೇಡ ಅಂತ ಮಾತ್ರ. ಬೇರೆ ಕಡೆಯಿಂದ ಆ ಪುಟಕ್ಕೆ ಲಿಂಕ್ ಇದ್ದರೆ, ಓದದೆಯೇ ಬರೀ ವಿಳಾಸವನ್ನು ಗೂಗಲ್ ತನ್ನ ಸೂಚಿಯಲ್ಲಿ ಇಟ್ಟುಕೊಳ್ಳಬಹುದು. ಪೂರ್ತಿ ತೆಗೆಯಲು ಪುಟದ ಒಳಗೆ ನೋಇಂಡೆಕ್ಸ್ ಅನ್ನುವ ಸೂಚನೆ ಬೇಕು. ಕೆಲವರು ಗಟ್ಟಿಯಾಗಿರಲಿ ಅಂತ ಎರಡನ್ನೂ ಒಟ್ಟಿಗೆ ಹಾಕುತ್ತಾರೆ, ಅದು ಕೆಲಸವನ್ನು ಇನ್ನೂ ಕೆಡಿಸುತ್ತದೆ. ಒಳಗೆ ಬರಲು ಬಿಡದಿದ್ದರೆ ಒಳಗೆ ಬರೆದಿರುವ ನೋಇಂಡೆಕ್ಸ್ ಗೂಗಲ್‌ಗೆ ಕಾಣುವುದಾದರೂ ಹೇಗೆ? ಮೊದಲು ರೋಬಾಟ್ಸ್ ತಡೆ ತೆಗೆಯಿರಿ, ನೋಇಂಡೆಕ್ಸ್ ಹಾಕಿ, ಗೂಗಲ್ ಬಂದು ಓದಿಕೊಂಡು ಹೋಗಲಿ. ಅರ್ಜೆಂಟ್ ಇದ್ದರೆ ಸರ್ಚ್ ಕನ್ಸೋಲ್‌ನ ರಿಮೂವಲ್ಸ್‌ನಲ್ಲಿ ಕೇಳಿಕೊಳ್ಳಿ. ಅದು ಸುಮಾರು ಆರು ತಿಂಗಳು ಮಾತ್ರ ಮುಚ್ಚಿಡುತ್ತದೆ, ಅಷ್ಟರೊಳಗೆ ನೋಇಂಡೆಕ್ಸ್ ಹಾಕಿರದಿದ್ದರೆ ಪುಟ ಮತ್ತೆ ಕಾಣಿಸಿಕೊಳ್ಳಬಹುದು.