ಡಬ್ಬಿ ಊಟಕ್ಕೆ ಮೊದಲು ಗಂಟೆ ಕೇಳಿ

ಕಾರವಾರಕ್ಕೆ ಕೆಲಸಕ್ಕೆಂದು ಬಂದು ರೂಮು ಹಿಡಿದವರಿಗೆ ಮೊದಲ ಚಿಂತೆ ಊಟದ್ದೇ. ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರ, ಆಸ್ಪತ್ರೆ, ಬ್ಯಾಂಕು ಅಂತ ದುಡಿಯುವವರಿಗೆ ದಿನಾ ಒಲೆ ಹಚ್ಚಲು ಪುರುಸೊತ್ತೆಲ್ಲಿ? ತಿಂಗಳ ಲೆಕ್ಕದಲ್ಲಿ ಡಬ್ಬಿ ಗೊತ್ತು ಮಾಡಿಕೊಳ್ಳುತ್ತಾರೆ. ಕ್ಯಾಲೊರಿ ಎಷ್ಟು, ಪ್ರೋಟೀನ್ ಎಷ್ಟು ಅಂತ ವಿಚಾರಿಸುವವರು ಈಗ ಜಾಸ್ತಿ. ಅನ್ನ ಒಲೆಯಿಂದ ಇಳಿದದ್ದು ಎಷ್ಟು ಗಂಟೆಗೆ ಅಂತ ಕೇಳುವವರು ಕಡಿಮೆ. ನಾನಾದರೆ ಅದನ್ನೇ ಮೊದಲು ಕೇಳುತ್ತೇನೆ.

ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಮಣ್ಣಿನಲ್ಲಿರುವಂಥದ್ದು. ಅದರ ಬೀಜಾಣುಗಳು ಅಕ್ಕಿಯ ಜೊತೆ ಅಡುಗೆಮನೆಗೆ ಬರುತ್ತವೆ, ಅನ್ನ ಕುದಿಯುವಾಗಲೂ ಸಾಯದೆ ಉಳಿಯುತ್ತವೆ. ಅನ್ನ ಆರಿ ಉಗುರುಬೆಚ್ಚಗಾದರೆ ಮೊಳೆಯಲು ಶುರು. ನಮ್ಮ ಕರಾವಳಿಯ 30 ಡಿಗ್ರಿ ಸೆಖೆಯಲ್ಲಿ ಸುಮಾರು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲವು. ಕೆಲವು ತಳಿಗಳು ವಾಂತಿ ಬರಿಸುವ ವಿಷವನ್ನೂ ಬಿಡುತ್ತವೆ. ಆ ವಿಷ ಸೇರಿದ ಮೇಲೆ ಎಷ್ಟು ಬಿಸಿ ಮಾಡಿದರೂ ಹೋಗದು. ಅನ್ನ ಹಳಸಿದ ವಾಸನೆಯೂ ಬರಬೇಕೆಂದಿಲ್ಲ.

ಹಾಗಾಗಿಯೇ ಬೇಯಿಸಿದ ಊಟ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು ಎನ್ನುವುದು. ನಡುವೆ ಇರುವುದೇ ಅಪಾಯದ ಜಾಗ. ಬೆಳಿಗ್ಗೆ 8ಕ್ಕೆ ತುಂಬಿದ ಡಬ್ಬಿ ಸ್ಕೂಟರಿನ ಚೀಲದಲ್ಲಿ ಊರೆಲ್ಲ ಸುತ್ತಿ 1 ಗಂಟೆಗೆ ನಿಮ್ಮ ಮೇಜಿಗೆ ಬಂದರೆ, ಅದರಲ್ಲಿ ಸಿರಿಧಾನ್ಯವೇ ಇರಲಿ, ಕುಚಲಕ್ಕಿ ಅನ್ನವೇ ಇರಲಿ, ನನಗೆ ಬೇಡ. ಡಬ್ಬಿ ಬಂದ ಕೂಡಲೇ ತಳಕ್ಕೆ ಅಂಗೈ ಹಿಡಿದು ನೋಡಿ. ಬಿಸಿಗೆ ಕೈ ತೆಗೆಯಬೇಕೆನಿಸಿದರೆ ಒಳ್ಳೆಯ ಲಕ್ಷಣ. ಮುಚ್ಚಳದ ಒಳಗೆ ನೀರ ಹನಿ ಕಟ್ಟಿ, ಅನ್ನ ಮಾತ್ರ ಬರೀ ಬೆಚ್ಚಗಿದ್ದರೆ ಹೊತ್ತಾಗಿದೆ ಎಂದೇ ಲೆಕ್ಕ. ಕಾಯಿ ಅರೆದು ಹಾಕಿದ ಸಾರು, ಪಲ್ಯಗಳದ್ದೂ ಇದೇ ಕಥೆ, ಸೆಖೆಯಲ್ಲಿ ಬೇಗ ಕೆಡುತ್ತವೆ.

ಮೀನಿನ ಡಬ್ಬಿಯಾದರೆ ಇನ್ನೊಂದು ಪ್ರಶ್ನೆ. ಬಂಗಡೆಯಲ್ಲಿ ಒಮೆಗಾ-3 ಕೊಬ್ಬು ಧಾರಾಳ, ಹೃದಯಕ್ಕೆ ಒಳ್ಳೆಯದು. ಆದರೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವೂ ಅದರಲ್ಲಿ ಜಾಸ್ತಿ. ಹಿಡಿದ ಮೀನಿಗೆ ಐಸ್ ಬೀಳುವುದು ತಡವಾದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಎಂಬ, ಅಲರ್ಜಿಯಂತೆ ಮೈ ಕೆರಳಿಸುವ ರಾಸಾಯನಿಕ ಮಾಡಿಬಿಡುತ್ತವೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ಮೈ ತುರಿಸಿದರೆ 'ಮೀನು ಅಲರ್ಜಿ' ಅಂತ ಎಷ್ಟೋ ಜನ ತಿಳಿಯುತ್ತಾರೆ. ಹುರಿದರೂ ಹಿಸ್ಟಮಿನ್ ಹೋಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗಲೂ ದಿನಾ ಬಂಗಡೆ ಕೊಡುತ್ತೇವೆ ಎನ್ನುವವರನ್ನು 'ಮೀನು ಎಲ್ಲಿಂದ ತರ್ತೀರಿ ಅಕ್ಕಾ?' ಅಂತ ಕೇಳಿದರೆ ತಪ್ಪೇನಿಲ್ಲ ಅಲ್ವಾ?

ಇನ್ನು ಪೌಷ್ಟಿಕತೆ. ಮುಕ್ಕಾಲು ಡಬ್ಬಿ ಅನ್ನ, ಪುಟ್ಟ ಬಟ್ಟಲಲ್ಲಿ ತಿಳಿಸಾರು, ಇದು ನಮ್ಮ ಕಡೆಯ ಹಳೇ ಕಾಯಿಲೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು 45 ಶೇಕಡಾ ಮೀರಬಾರದು. ಬೇಳೆ, ತರಕಾರಿ ಹೆಚ್ಚಿಸಿ ಅನ್ನ ಇಳಿಸಿ ಎಂದರೆ ಎಷ್ಟೋ ಮನೆ ಅಡುಗೆಯವರು ಒಪ್ಪುತ್ತಾರೆ, ಕೇಳಬೇಕಷ್ಟೆ. ಶಿರಸಿಯವರ ಒಂದೆಲಗದ ತಂಬುಳಿ ಸಿಕ್ಕರಂತೂ ಬಿಡಬೇಡಿ. ಉಪ್ಪು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಪ್ಪೆಮಿಡಿ, ಹಪ್ಪಳ, ಒಣಮೀನು ಮೂರೂ ಒಂದೇ ಊಟದಲ್ಲಿ ಬಂದರೆ ಆ ಲೆಕ್ಕ ಮಧ್ಯಾಹ್ನಕ್ಕೇ ಕೈತಪ್ಪಬಹುದು.

ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರ್ ಇದೆಯಾ ಅಂತಲೂ ನೋಡಿ. ಅದೊಂದಿದ್ದರೆ ಊಟ ಚೆನ್ನಾಗಿರುತ್ತದೆ ಅಂತಲ್ಲ, ಏನಾದರೂ ಹೆಚ್ಚುಕಮ್ಮಿಯಾದರೆ ದೂರು ಕೊಡಲು ಒಂದು ದಾರಿ ಇರುತ್ತದೆ. ತಿಂಗಳಿನ ದುಡ್ಡು ಒಟ್ಟಿಗೇ ಕೊಡುವ ಮೊದಲು ಒಂದು ವಾರದ ಮಟ್ಟಿಗೆ ಹಾಕಿಸಿಕೊಳ್ಳಿ. ಆ ವಾರದಲ್ಲಿ ಜೋರು ಮಳೆಯ ದಿನ ಒಂದಿದ್ದರೆ ಇನ್ನೂ ಒಳ್ಳೆಯದು, ಡಬ್ಬಿ ಎಷ್ಟು ಹೊತ್ತಿಗೆ ಬರುತ್ತದೆಂದು ಗೊತ್ತಾಗುತ್ತದೆ.