ಒಂದೇ ಕಾಲು ಊದಿದೆ, ಎರಡು ದಿನ ನೋಡೋಣವೇ?

ಪ್ರಶ್ನೆ: ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಮೂರು ವಾರ ಆಯಿತು. ಊತ ಇಳಿಯುತ್ತಾ ಬಂದಿತ್ತು. ನಿನ್ನೆಯಿಂದ ಅದೇ ಕಾಲಿನ ಮೀನಖಂಡ ಮತ್ತೆ ಊದಿ ಬಿಗಿಯಾಗಿದೆ, ನೋವೂ ಇದೆ. ನಡೆಯುವಾಗ ಉಳುಕಿರಬೇಕು, ಎರಡು ದಿನ ಎಣ್ಣೆ ಹಚ್ಚಿ ನೋಡೋಣ ಅಂತಾರೆ. ಕಾದರೆ ತೊಂದರೆಯೇ?

ಉತ್ತರ: ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಣ್ಣೆ ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ.

ಉಳುಕೇ ಇರಬಹುದು. ಆಪರೇಷನ್ ಆದ ಕಾಲು ಸ್ವಲ್ಪ ದಿನ ಊದುವುದೂ ಸಾಮಾನ್ಯ. ಆದರೆ ಇಳಿಯುತ್ತಿದ್ದ ಊತ ಮತ್ತೆ ಏರಿದೆ ಅಂದರೆ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಅಂತ ಮೊದಲು ನೋಡಲೇಬೇಕು.

ಎರಡು ದಿನಕ್ಕೆ ಏನಾಗುತ್ತೆ ಅನಿಸಬಹುದು. ಇಲ್ಲೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಹೆಪಾರಿನ್ ಇಂಜೆಕ್ಷನ್ ಆಗಲಿ, ರಕ್ತ ತೆಳು ಮಾಡುವ ಮಾತ್ರೆ ಆಗಲಿ, ಈಗಾಗಲೇ ಇರುವ ಹೆಪ್ಪನ್ನು ಕರಗಿಸುವುದಿಲ್ಲ. ಅದು ಇನ್ನೂ ಬೆಳೆಯದಂತೆ ತಡೆಯುತ್ತವೆ, ಅಷ್ಟೆ. ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡಿಕೊಳ್ಳುತ್ತದೆ. ಔಷಧಿ ಶುರುವಾಗದ ದಿನಗಳಲ್ಲಿ ಮೀನಖಂಡದ ಹೆಪ್ಪು ತೊಡೆಯವರೆಗೆ ಏರಬಹುದು. ಅದರಿಂದ ಒಂದು ಚೂರು ಕಿತ್ತುಕೊಂಡರೆ ಹೃದಯದ ಮೂಲಕ ಹಾದು ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಗ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ, ಉಸಿರು ಎಳೆದಾಗ ಎದೆ ಚುಚ್ಚುತ್ತದೆ, ಕೆಲವರು ತಲೆಸುತ್ತಿ ಬೀಳುತ್ತಾರೆ.

ಔಷಧಿ ಇಲ್ಲದಿದ್ದರೆ ಎಷ್ಟು ಅಪಾಯ? ಇಂಗ್ಲೆಂಡಿನ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು 1960ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಶ್ವಾಸಕೋಶಕ್ಕೆ ಹೆಪ್ಪು ಹೋಗಿದ್ದ ರೋಗಿಗಳಲ್ಲಿ ಔಷಧಿ ಸಿಗದ 19 ಜನರ ಪೈಕಿ 5 ಮಂದಿ ಹೆಪ್ಪಿನಿಂದಲೇ ತೀರಿಕೊಂಡರು. ಔಷಧಿ ಸಿಕ್ಕ 16 ಜನರಲ್ಲಿ ಹೆಪ್ಪಿನಿಂದ ಸತ್ತವರು ಒಬ್ಬರೂ ಇಲ್ಲ. ಇದನ್ನು ಕಂಡ ಮೇಲೆ ಅವರು ಔಷಧಿ ಕೊಡದೆ ಬಿಡುವುದನ್ನೇ ನಿಲ್ಲಿಸಿಬಿಟ್ಟರು. ತೀರಾ ಚಿಕ್ಕ ಪ್ರಯೋಗ, ನಿಜ. ಆದರೂ ಆ 5 ಮತ್ತು ಸೊನ್ನೆಯನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಎದೆ ಝಲ್ಲೆನ್ನುತ್ತದೆ.

"ನಮ್ಮ ಪಕ್ಕದ ಮನೆಯವರು ಹತ್ತು ದಿನ ಬಿಟ್ಟು ಹೋದರೂ ಏನೂ ಆಗಲಿಲ್ಲ" ಎನ್ನುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಹತ್ತನೇ ದಿನ ಆಸ್ಪತ್ರೆ ತಲುಪಿದವರು ಆ ಹತ್ತು ದಿನ ಉಳಿದುಕೊಂಡವರು, ಅಲ್ವಾ? ಉಳಿಯದವರು ಬಂದು ಕಥೆ ಹೇಳುವುದಿಲ್ಲ. ಇನ್ನೊಂದು ಕಡೆ, ದೊಡ್ಡ ಹೆಪ್ಪು ಇದ್ದವರಿಗೆ ತೊಂದರೆ ಜಾಸ್ತಿ, ಹಾಗಾಗಿ ಅವರು ಮೊದಲ ದಿನವೇ ಓಡಿ ಬರುತ್ತಾರೆ. ಸುಮ್ನೆ ಎಣಿಸಿದರೆ ಬೇಗ ಬಂದವರೇ ಹೆಚ್ಚು ಸತ್ತಂತೆ ಕಾಣಬಹುದು. ಆ ಲೆಕ್ಕ ನಂಬಿ ಮನೆಯಲ್ಲಿ ಕೂರಬೇಡಿ.

ಜೀವ ಉಳಿದರೂ ಕಾಲು ಮೊದಲಿನಂತೆ ಆಗದೇ ಇರಬಹುದು. ಹೆಪ್ಪು ರಕ್ತನಾಳದೊಳಗಿನ ಕವಾಟಗಳನ್ನು ಹಾಳುಮಾಡಿದರೆ ಊತ, ಭಾರ, ಕೆಲವರಿಗೆ ವಾಸಿಯಾಗದ ಹುಣ್ಣು ವರ್ಷಗಟ್ಟಲೆ ಕಾಡುತ್ತವೆ.

ತಡ ಆಗುವುದು ಮನೆಯಲ್ಲಿ ಮಾತ್ರ ಅಲ್ಲ. ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್‌ಗೆ 2011ರಲ್ಲೇ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿತ್ತು. 2017ರಲ್ಲಿ ಸಿಸೇರಿಯನ್ ಆದ ಮರುದಿನ ಉಸಿರು ಕಟ್ಟಿದಾಗ ಸಿಟಿ ಸ್ಕ್ಯಾನ್ ಮಾಡಿ, ಹೆಪಾರಿನ್ ಕೊಡಿ ಅಂತ ಅವರೇ ಕೇಳಿದರು. ನೋವಿನ ಔಷಧಿಯ ಮಂಪರು ಇರಬೇಕು ಅಂತ ನರ್ಸ್ ಅಂದುಕೊಂಡರು. ಮೊದಲು ಕಾಲಿನ ಸ್ಕ್ಯಾನ್ ಆಯಿತು, ಅದರಲ್ಲಿ ಏನೂ ಸಿಗಲಿಲ್ಲ. ಆಮೇಲೆ ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಹೆಪ್ಪು ಕಂಡಿತು. ಹೆರಿಗೆಯಾದ ಮೊದಲ ಆರು ವಾರ ಈ ಅಪಾಯ ತುಂಬಾ ಜಾಸ್ತಿ. ನಮ್ಮಲ್ಲಿ ಬಾಣಂತಿಯ ಕಾಲು ಊದಿದರೆ "ಅದೆಲ್ಲ ಸಹಜ" ಎಂದುಬಿಡುತ್ತೇವೆ. ಒಂದೇ ಕಾಲು ಊದಿದ್ದರೆ ಹಾಗೆ ಹೇಳಿ ಸುಮ್ಮನಾಗಬೇಡಿ.

ಆಸ್ಪತ್ರೆಯಲ್ಲಿ "ಕಾಲು ನೋವು" ಅಂತಷ್ಟೇ ಹೇಳಬೇಡಿ. ಆಪರೇಷನ್ ಯಾವತ್ತು ಆಯಿತು, ಊತ ಯಾವತ್ತು ಮತ್ತೆ ಏರಿತು, ಮನೆಯಲ್ಲಿ ಯಾರಿಗಾದರೂ ಹೆಪ್ಪುಗಟ್ಟಿತ್ತೇ, ಎಲ್ಲ ಹೇಳಿ. "ರಕ್ತ ಹೆಪ್ಪುಗಟ್ಟಿರಬಹುದೇ?" ಎಂದು ನೇರವಾಗಿ ಕೇಳಿ. ಹೆಪ್ಪಿನ ಸುಳಿವು ಹುಡುಕುವ ಡಿ-ಡೈಮರ್ ಎಂಬ ರಕ್ತ ಪರೀಕ್ಷೆಯ ಅಂಕಿ ಆಪರೇಷನ್ ಆದವರಲ್ಲಿ ಹೇಗೂ ಏರಿರುತ್ತದೆ, ಅದಕ್ಕೇ ಅಮ್ಮನಿಗೆ ಬೇಕಾದ್ದು ಕಾಲಿನ ಡಾಪ್ಲರ್ ಸ್ಕ್ಯಾನ್, ಅಂದರೆ ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಸ್ಕ್ಯಾನ್. ಸ್ಕ್ಯಾನ್ ನಾಳೆ ಎಂದರೆ, ಅಲ್ಲಿಯವರೆಗೆ ಇಂಜೆಕ್ಷನ್ ಶುರುಮಾಡಬಹುದೇ ಎಂದು ಕೇಳಿ. ಅನುಮಾನ ಬಲವಾಗಿದ್ದು ರಕ್ತಸ್ರಾವದ ಭಯ ಇಲ್ಲದಿದ್ದರೆ ವೈದ್ಯರು ಸ್ಕ್ಯಾನ್‌ಗೂ ಮೊದಲೇ ಕೊಡುತ್ತಾರೆ. ಆಪರೇಷನ್ ಮಾಡಿದ ಡಾಕ್ಟರಿಗೂ ಹೊರಡುವ ಮೊದಲೇ ಒಂದು ಫೋನ್ ಮಾಡಿ. ದಾರಿಯಲ್ಲಿ ಅಮ್ಮನಿಗೆ ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ.