ಗಾಡಿಗಳ ಡೀಸೆಲ್ ಲೆಕ್ಕ: ಮೈಲೇಜ್ ನನ್ನನ್ನು ಹೇಗೆ ಯಾಮಾರಿಸಿತು

ತುಮಕೂರಿನಲ್ಲಿ ನಾವು ನಾಲ್ಕು ಜನ ಸೇರಿ ಎನರ್ಜಿ ಆಡಿಟರ್ (ಕರೆಂಟ್, ಇಂಧನ ಎಲ್ಲಿ ಪೋಲಾಗುತ್ತದೆ ಅಂತ ಲೆಕ್ಕ ಹಾಕುವವರು) ಪರೀಕ್ಷೆಗೆ ಓದುತ್ತಿದ್ದೇವೆ. ನಿನ್ನೆ ಗಾಡಿಗಳ ಇಂಧನದ ಪಾಠ. ಅಭ್ಯಾಸಕ್ಕೆ ನಾವೇ ಒಂದು ಲೆಕ್ಕ ಕಟ್ಟಿಕೊಂಡೆವು, ಅಂಕಿಗಳೂ ನಮ್ಮವೇ. ಕರೆಂಟ್ ಕೊಡುವ ಕಂಪನಿಯ ಒಂದು ಸಬ್‌ಡಿವಿಷನ್. ಕಂಬ, ಟಿಸಿ (ಟ್ರಾನ್ಸ್‌ಫಾರ್ಮರ್) ಸಾಗಿಸಲು ಒಂದು ಹಳೇ ಲಾರಿ, ಲೀಟರಿಗೆ 4 ಕಿ.ಮೀ. ಲೈನ್‌ಮ್ಯಾನ್‌ಗಳಿಗೆ ಒಂದು ಜೀಪು, ಲೀಟರಿಗೆ 12. ಎರಡೂ ತಿಂಗಳಿಗೆ 1500 ಕಿ.ಮೀ. ಓಡುತ್ತವೆ. ರಿಪೇರಿಗೆ ದುಡ್ಡಿರುವುದು ಒಂದಕ್ಕೆ ಮಾತ್ರ. ಲಾರಿ 4ರಿಂದ 5ಕ್ಕೆ ಏರಬಹುದು, ಜೀಪು 12ರಿಂದ 15ಕ್ಕೆ. ಯಾವುದನ್ನು ಮಾಡಿಸಬೇಕು?

ನಾನು ಯೋಚಿಸದೆ ಜೀಪು ಅಂದೆ. ಮೂರು ಕಿ.ಮೀ. ಜಾಸ್ತಿ ಸಿಗುತ್ತೆ, ಅಲ್ವಾ? ತಪ್ಪು.

ಜೀಪು ಕುಡಿಯುತ್ತಿದ್ದದ್ದು 1500÷12 = 125 ಲೀಟರ್. ಈಗ 1500÷15 = 100. ಉಳಿದದ್ದು 25. ಲಾರಿಯದು 375 ಇದ್ದದ್ದು 300 ಆಯಿತು. ಉಳಿದದ್ದು 75. ಮೂರು ಪಟ್ಟು!

ಉತ್ತರ ನೋಡಿದ ಮೇಲೂ ತಲೆಗೆ ಹೋಗಲಿಲ್ಲ. ಕೊನೆಗೆ ತಿಪಟೂರಿನ ಗೆಳೆಯ ತೆಂಗಿನಕಾಯಿ ಲೆಕ್ಕ ಹಾಕಿ ತೋರಿಸಿದ. ಮದುವೆಗೆ 60 ಕಾಯಿ ಬೇಕು ಅಂದುಕೊಳ್ಳಿ. ಒಬ್ಬ ನೂರು ರೂಪಾಯಿಗೆ 4 ಕೊಡುತ್ತಾನೆ, ಚೌಕಾಸಿ ಮಾಡಿದರೆ 5. ಖರ್ಚು 1500ರಿಂದ 1200ಕ್ಕೆ ಇಳಿಯಿತು. ಇನ್ನೊಬ್ಬ 12 ಕೊಡುವವನು 15 ಕೊಟ್ಟ. 500 ಇದ್ದದ್ದು 400. ಎರಡು ಕಡೆಯೂ ಕಡಿಮೆಯಾದದ್ದು ಐದರಲ್ಲಿ ಒಂದು ಪಾಲೇ. ಆದರೆ ದುಬಾರಿಯವನ ಹತ್ತಿರ ಆ ಒಂದು ಪಾಲು ದೊಡ್ಡದು. ಲಾರಿಯ ಕಥೆಯೂ ಅಷ್ಟೇ.

ಅದಕ್ಕೇ ನಾನೀಗ ಮೈಲೇಜನ್ನು ತಿರುವಿ ಹಾಕಿ ಬರೆದುಕೊಳ್ಳುತ್ತೇನೆ. 100 ಕಿ.ಮೀ.ಗೆ ಎಷ್ಟು ಲೀಟರ್? ಲಾರಿ 25, ಜೀಪು 8.3. ಹೀಗೆ ಬರೆದರೆ ಯಾವುದನ್ನು ಮೊದಲು ಮುಟ್ಟಬೇಕು ಅಂತ ಕಣ್ಣಿಗೇ ಕಾಣುತ್ತದೆ.

ಇದೇ ಗುಂಡಿಗೆ ನಾನು ಎರಡನೇ ಸಲವೂ ಬಿದ್ದೆ. ಎರಡೂ ಗಾಡಿಯ ಸರಾಸರಿ ಎಷ್ಟು ಅಂದಾಗ 4 ಮತ್ತು 12 ಕೂಡಿಸಿ, ಎರಡರಿಂದ ಭಾಗಿಸಿ, 8 ಅಂದೆ. ಹಾಗಾದರೆ 3000 ಕಿ.ಮೀ.ಗೆ 375 ಲೀಟರ್ ಸಾಕಾಗಬೇಕು. ಆದರೆ ಲಾರಿಯೊಂದೇ 375 ಕುಡಿದಿದೆ! ಜೀಪು ಸುಮ್ನೆ ಓಡಿತಾ? ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು. 3000÷500 = 6.

ಹೊಗೆಯ ಲೆಕ್ಕ ಸುಲಭ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.65 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಡೀಸೆಲ್ಲೇ 0.83 ಕೆ.ಜಿ. ಇರುವಾಗ ಇದೆಲ್ಲಿಂದ ಬಂತು ಅನ್ನಬೇಡಿ, ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ. ಲಾರಿಯ 75 ಲೀಟರ್ ಅಂದರೆ ತಿಂಗಳಿಗೆ ಸುಮಾರು 200 ಕೆ.ಜಿ. ಕಡಿಮೆ.

ಟೈರ್ ಗಾಳಿ, ಏರ್ ಫಿಲ್ಟರ್ ಎಲ್ಲರಿಗೂ ಗೊತ್ತು, ಬಿಡಿ. ನಿಂತ ಗಾಡಿಯ ಎಂಜಿನ್ ಮಾತ್ರ ಮರೆಯಬೇಡಿ. ಲೈನ್ ಕೆಲಸ ಮುಗಿಯುವವರೆಗೆ ಜೀಪು ಆನ್ ಇದ್ದರೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಹೋಗುತ್ತದೆ. ಕಿ.ಮೀ. ಮೀಟರ್ ಅಲ್ಲಾಡುವುದಿಲ್ಲ. ಲಾಗ್‌ಬುಕ್‌ನಲ್ಲಿ ಅದು ಕೆಟ್ಟ ಮೈಲೇಜ್ ಆಗಿ ಕಾಣುತ್ತದೆ, ಬೈಗುಳ ಡ್ರೈವರಣ್ಣನಿಗೋ ಮೆಕ್ಯಾನಿಕ್‌ಗೋ. ಲೈನ್‌ಮ್ಯಾನ್‌ನನ್ನು ಬಕೆಟ್‌ನಲ್ಲಿ ನಿಲ್ಲಿಸಿ ಎಂಜಿನ್ ಬಲದಿಂದಲೇ ಮೇಲೆತ್ತುವ ಗಾಡಿಗೆ ಈ ಮಾತು ಹೇಳಲು ಬರುವುದಿಲ್ಲ, ಅಲ್ಲಿ ಎಂಜಿನ್ ಓಡಲೇಬೇಕು. ಅಂಥ ಗಾಡಿಗೆ ಗಂಟೆಯ ಲೆಕ್ಕ ಬೇರೆ ಇಡಬೇಕು.

ಕೊನೆಗೆ ಎಲೆಕ್ಟ್ರಿಕ್ ಗಾಡಿ. ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಮ್ಮ ಜಿಲ್ಲೆಯಲ್ಲೇ ಇದೆ, ಹಾಗಾಗಿ ಹೊಗೆ ಸೊನ್ನೆ ಅಂತ ಒಬ್ಬ ಬರೆದ. ಆದರೆ ಆ ಕರೆಂಟ್ ಗ್ರಿಡ್‌ಗೆ, ಅಂದರೆ ಎಲ್ಲ ಕಡೆಗೂ ಕರೆಂಟ್ ಸಾಗಿಸುವ ತಂತಿಗಳ ಜಾಲಕ್ಕೆ ಹೋಗಿ ಕಲ್ಲಿದ್ದಲಿನ ಕರೆಂಟ್ ಜೊತೆ ಬೆರೆಯುತ್ತದೆ. ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹಿಡಿಯಬೇಕು. ಯೂನಿಟ್‌ಗೆ 6 ಕಿ.ಮೀ. ಓಡುವ ಗಾಡಿಯಾದರೆ ಕಿ.ಮೀ.ಗೆ 117 ಗ್ರಾಂ ಹತ್ತಿರ. ನಮ್ಮ ಡೀಸೆಲ್ ಜೀಪಿನದು 220.